ದೀಪಾವಳಿಯ ರಾತ್ರಿ ದೇವರ ದೀಪ ಉರಿಯುತ್ತಿರುವಾಗ ಮನೆಮಂದಿ ಮಲಗಬಹುದೇ?

ಪ್ರಶ್ನೆ: ಮೂರನೆಯ ಮಹಡಿ

ನಾವು ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ವಾಸವಾಗಿದ್ದೇವೆ. ಕಳೆದ ದೀಪಾವಳಿಯ ಅಮಾವಾಸ್ಯೆಯಂದು ಲಕ್ಷ್ಮೀಪೂಜೆ ಮುಗಿಸಿದ ಮೇಲೆ, ತೀರ್ಥಹಳ್ಳಿಯ ಕಡೆಯಿಂದ ಬಂದಿದ್ದ ನಮ್ಮ ಅತ್ತೆಯವರ ಮಾತಿನಂತೆ, ದೇವರ ಮುಂದಿನ ದೀಪ ಬೆಳಗಿನವರೆಗೂ ಉರಿಯಲಿ ಎಂದು ಎಣ್ಣೆ ತುಂಬಿಸಿಟ್ಟು ಎಲ್ಲರೂ ಮಲಗಿದೆವು. ನಮ್ಮಲ್ಲಿ ದೇವರಮನೆ ಎಂಬ ಪ್ರತ್ಯೇಕ ಕೋಣೆ ಇಲ್ಲ. ಹಾಲಿನ ಗೋಡೆಗೆ ಪ್ಲೈವುಡ್ಡಿನಲ್ಲಿ ಮಾಡಿಸಿದ ಕಪಾಟೇ ದೇವರಮನೆ. ನಸುಕಿನ ನಾಲ್ಕರ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಎಚ್ಚರವಾಗಿ ಎದ್ದು ಬಂದು ನೋಡಿದರೆ, ಪಟಕ್ಕೆ ಹಾಕಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಹಾರದ ಒಂದು ಎಳೆ ಕರಗಿ ದೀಪದ ತಟ್ಟೆಗೆ ಜೋತುಬಿದ್ದು ಹೊಗೆಯಾಡುತ್ತಿತ್ತು. ದೀಪದ ನೇರ ಮೇಲಿನ ಹಲಗೆ ಅಂಗೈ ಅಗಲ ಕಪ್ಪಾಗಿ, ಅದರ ಮೇಲಿನ ಮೈಕಾ ಹಾಳೆ ಹಪ್ಪಳದಂತೆ ಉಬ್ಬಿತ್ತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಈ ವರ್ಷವೂ ಅತ್ತೆಯವರು ಬರುತ್ತಿದ್ದಾರೆ. ದೀಪ ಇಡುವುದೇ ಬೇಡ ಎನ್ನಲು ನನಗೆ ಮನಸ್ಸಿಲ್ಲ, ಅವರಿಗೆ ನೋವಾಗುವುದೂ ಬೇಡ. ರಾತ್ರಿಯಿಡೀ ದೀಪ ಇಡುವುದಕ್ಕೆ ಸುರಕ್ಷಿತವಾದ ಕ್ರಮವೇನಾದರೂ ಇದೆಯೇ? ಬಲಿಪಾಡ್ಯಮಿಯ ದಿನ ಎರಡು ದಿನಗಳ ಮಟ್ಟಿಗೆ ಊರಿಗೆ ಹೋಗುವವರಿದ್ದೇವೆ. ಆಗ ಬಾಲ್ಕನಿಯ ಸೀರಿಯಲ್ ಸೆಟ್ಟನ್ನು ಟೈಮರ್ ಹಾಕಿ ಹಚ್ಚಿಟ್ಟು ಹೋಗಬಹುದೇ? ಮನೆಗೊಂದು ಬೆಂಕಿ ನಂದಿಸುವ ಸಿಲಿಂಡರ್ ತರಬೇಕೆಂದಿದ್ದೇನೆ, ಯಾವುದನ್ನು ತರಬೇಕೆಂದು ತಿಳಿದವರು ಹೇಳಬೇಕು.

ಉತ್ತರ: ಹಳೆಯ ಅಗ್ನಿಶಾಮಕ

ಅಗ್ನಿಶಾಮಕ ಸೇವೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನು ನಾನು. ಅಷ್ಟೂ ವರ್ಷಗಳಲ್ಲಿ ದೀಪಾವಳಿಯನ್ನು ಮನೆಯಲ್ಲಿ ಆಚರಿಸಿದ್ದು ಬೆರಳೆಣಿಕೆಯಷ್ಟು ಸಲ. ನಾನು ಕಂಡಂತೆ ಸಂಜೆ ಏಳರಿಂದ ಹತ್ತರವರೆಗೆ ಬರುತ್ತಿದ್ದ ಕರೆಗಳು ಬಹುಮಟ್ಟಿಗೆ ಹೊರಗಿನವು. ರಾಕೆಟ್ ಬಿದ್ದ ಗುಜರಿ ಅಂಗಡಿ, ಒಣಹುಲ್ಲು ಬೆಳೆದ ಖಾಲಿ ನಿವೇಶನ, ತೆಂಗಿನ ಗರಿ ಹೊದೆಸಿದ ಶೆಡ್ಡು, ಇಂಥವು. ಮನೆಯ ಒಳಗಿನ ಬೆಂಕಿಯ ಕರೆಗಳು ಬರುತ್ತಿದ್ದುದು ಪಟಾಕಿಯ ಸದ್ದೆಲ್ಲ ಅಡಗಿದ ಮೇಲೆ, ಇಲ್ಲವೇ ಮನೆಯವರೆಲ್ಲ ಬೀದಿಗಿಳಿದು ಪಟಾಕಿ ನೋಡುತ್ತ ನಿಂತಿದ್ದಾಗ. ಜನ ಪಟಾಕಿಗೆ ಹೆದರುತ್ತಾರೆ, ಹೆದರುವುದು ಸರಿಯೇ. ಆದರೆ ಪಟಾಕಿ ಹಚ್ಚುವವನ ಕಣ್ಣು ಅದರ ಮೇಲೆಯೇ ಇರುತ್ತದೆ, ಕಪಾಟಿನ ದೀಪದ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ನಿಮ್ಮ ಕಪಾಟಿನಲ್ಲಿ ಆಗಿರುವುದು ಇಷ್ಟು. ಉರಿಯ ಬಿಸಿಯೆಲ್ಲ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ದೀಪದ ಪಕ್ಕದಲ್ಲಿ ಒಂದು ಗೇಣು ದೂರವಿದ್ದರೆ ಏನೂ ಆಗದ ವಸ್ತುವಿಗೆ ದೀಪದ ಮೇಲುಗಡೆ ಒಂದು ಮೊಳ ದೂರವೂ ಸಾಲದು. ಮೂರು ಕಡೆ ಮುಚ್ಚಿದ ಕಪಾಟಿನಲ್ಲಿ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲ. ಗಂಟೆಗಟ್ಟಲೆ ಒಂದೇ ಜಾಗವನ್ನು ಸುಡುತ್ತ ಹಲಗೆಯ ತೇವವನ್ನೆಲ್ಲ ಆರಿಸಿ, ಮೊದಲು ಕಂದು, ಆಮೇಲೆ ಕಪ್ಪು, ಕೊನೆಗೆ ಕೆಂಡ. ಅಷ್ಟರಲ್ಲಿ ಪ್ಲಾಸ್ಟಿಕ್ ಹಾರವೊಂದು ಕರಗಿ ಉರಿಗೆ ತಾಗಿತೆಂದರೆ ಅದೇ ಬತ್ತಿಯಾಗುತ್ತದೆ, ತೊಟ್ಟಿಕ್ಕುವ ಪ್ಲಾಸ್ಟಿಕ್ ಉರಿಯುತ್ತಲೇ ಕೆಳಗೆ ಬೀಳುತ್ತದೆ. ನಿಮ್ಮ ಹಾರ ಹೊಗೆಯಾಡುವುದರಲ್ಲಿಯೇ ನಿಂತದ್ದು ನಿಮ್ಮ ಅದೃಷ್ಟ.

ದೀಪ ಇಡಲೇಬೇಕೆಂದರೆ ಪೂಜೆ ಮುಗಿದ ಮೇಲೆ ಅದನ್ನು ಕಪಾಟಿನಿಂದ ಹೊರಗೆ ತನ್ನಿ. ಅಗಲವಾದ ಹಿತ್ತಾಳೆಯ ಹರಿವಾಣ ಅಥವಾ ಸ್ಟೀಲಿನ ಪರಾತದಲ್ಲಿ ಒಂದು ಬೆರಳು ನೀರು ಹಾಕಿ, ನಡುವೆ ಒಂದು ಸಣ್ಣ ಮಣೆಕಲ್ಲೋ ಬೋರಲು ಹಾಕಿದ ಬಟ್ಟಲೋ ಇಟ್ಟು, ಅದರ ಮೇಲೆ ದೀಪವಿರಲಿ. ಹರಿವಾಣ ಇರಬೇಕಾದದ್ದು ಹಾಲಿನ ನಡುವಿನ ಬರಿನೆಲದ ಮೇಲೆ. ಪರದೆ, ಸೋಫಾ, ಮೇಜಿನ ಬಟ್ಟೆ ಯಾವುದೂ ಕೈಚಾಚುವ ದೂರದಲ್ಲಿ ಇರಬಾರದು, ಫ್ಯಾನ್ ತಿರುಗಬಾರದು. ದೀಪದ ಸುತ್ತ ಹಳೆಯ ಎಣ್ಣೆಯ ಜಿಡ್ಡು ಇದ್ದರೆ ಮೊದಲೇ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯಿರಿ. ಎಣ್ಣೆ ಮುಗಿಯುತ್ತ ಬಂದಾಗ ಬತ್ತಿ ಹಿಂದಕ್ಕೆ ಉರಿದು ಅಂಚಿನ ಜಿಡ್ಡಿಗೆ ತಾಗಿದರೆ ಬೆರಳಷ್ಟಿದ್ದ ಉರಿ ಅಂಗೈ ಅಗಲವಾಗುತ್ತದೆ. ಇಷ್ಟೆಲ್ಲ ಮಾಡಿದರೂ ಹಾಲಿನಲ್ಲಿ ಒಬ್ಬರಾದರೂ ಮಲಗಬೇಕು. ನನ್ನನ್ನೇ ಕೇಳಿದರೆ, ಕೊನೆಯವರು ಮಲಗುವ ಹೊತ್ತಿಗೆ ದೀಪವನ್ನೂ ಶಾಂತಗೊಳಿಸಬೇಕು ಎನ್ನುವವನು ನಾನು. ಮಲಗಿದವರ ಮೂಗು ಬೆಂಕಿಯ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಹೊಗೆ ನಿದ್ದೆಯನ್ನು ಕೆಡಿಸುವ ಬದಲು ಗಾಢವಾಗಿಸುತ್ತದೆ. ನಿಮಗೆ ಎಚ್ಚರವಾದದ್ದನ್ನು ಮುಂದಿನ ಸಲಕ್ಕೂ ಲೆಕ್ಕಕ್ಕೆ ಹಿಡಿಯಬೇಡಿ.

ಬೀಗ ಹಾಕಿದ ಮನೆಯಲ್ಲಿ ಸೀರಿಯಲ್ ಸೆಟ್ ಉರಿಯುವುದು ಬೇಡವೇ ಬೇಡ. ಟೈಮರ್ ಅದನ್ನು ಹೊತ್ತಿಸುತ್ತದೆ, ಆರಿಸುತ್ತದೆ; ಕಾಯುವುದಿಲ್ಲ. ಹೊರಡುವ ಮುನ್ನ ಫ್ರಿಜ್ಜಿನದೊಂದನ್ನು ಬಿಟ್ಟು ಉಳಿದ ಎಂಸಿಬಿಗಳನ್ನೆಲ್ಲ (ಕರೆಂಟು ಮಿತಿ ಮೀರಿದರೆ ತಾವೇ ಬೀಳುವ ಸ್ವಿಚ್ಚುಗಳು) ಕೆಳಗಿಳಿಸಿ, ಗ್ಯಾಸಿನ ರೆಗ್ಯುಲೇಟರನ್ನು ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ, ಬಾಲ್ಕನಿಯಲ್ಲಿ ಒಣಗಿದ ಬಟ್ಟೆ, ಟೀವಿಯ ರಟ್ಟಿನ ಪೆಟ್ಟಿಗೆ, ಹಳೆಯ ಪತ್ರಿಕೆಯ ಕಟ್ಟು ಏನನ್ನೂ ಬಿಡದೆ ಒಳಗೆ ಸೇರಿಸಿ, ಕಿಟಕಿಗಳನ್ನು ಭದ್ರವಾಗಿ ಮುಚ್ಚಿ. ಪಟಾಕಿಗೆ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಸಮಯವೆಂದು ಸುಪ್ರೀಂ ಕೋರ್ಟು 2018ರಲ್ಲಿಯೇ ಹೇಳಿದ್ದರೂ ರಾಕೆಟ್ಟುಗಳು ಗಡಿಯಾರ ನೋಡಿಕೊಂಡು ಹಾರುವುದಿಲ್ಲ. ಮೂರನೆಯ ಮಹಡಿಯ ತೆರೆದ ಬಾಲ್ಕನಿ ರಾಕೆಟ್ಟಿಗೆ ಬಹಳ ಅನುಕೂಲವಾದ ಎತ್ತರ. ಒಂದು ಬೀಗದ ಕೈಯನ್ನು ಪಕ್ಕದ ಮನೆಯವರ ಬಳಿ ಕೊಟ್ಟು ಹೋಗಿ. ಬೀಗ ಒಡೆಯುವುದರಲ್ಲಿಯೇ ನಮ್ಮ ಹುಡುಗರ ಐದು ನಿಮಿಷ ಹೋದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಉಳಿದ ಪಟಾಕಿಯನ್ನು ಮುಂದಿನ ವರ್ಷಕ್ಕೆಂದು ಅಟ್ಟದ ಮೇಲೆ, ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಇಡುವವರಿದ್ದಾರೆ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಮಂದಿ ಸತ್ತದ್ದು ನೆನಪಿರಬಹುದು. ಅದು ಮಳಿಗೆ, ನಿಮ್ಮದು ಒಂದು ಚೀಲ ಎನ್ನಬಹುದು. ಆದರೆ ಒಂದಕ್ಕೆ ತಾಗಿದ ಕಿಡಿ ಉಳಿದವುಗಳನ್ನು ಸೇರುವ ವೇಗದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ತಂದದ್ದನ್ನು ಆ ದಿನವೇ ಮುಗಿಸಿ. ಹೊತ್ತದೆ ಉಳಿದ ಪಟಾಕಿಗಳನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಆಮೇಲೆ ಕಸಕ್ಕೆ ಹಾಕಿ. ಸುರುಸುರುಬತ್ತಿಯ ಸುಟ್ಟ ಕಡ್ಡಿಯೂ ಅದೇ ಬಕೆಟ್ಟಿಗೆ ಹೋಗಲಿ.

ನಂದಕದ ವಿಷಯ. ಮನೆಗೆ ಕಟ್ಟಿಗೆ, ಎಣ್ಣೆ, ಅನಿಲ ಮೂರೂ ಬಗೆಯ ಬೆಂಕಿಗೆ ಆಗುವ ಎಬಿಸಿ ಪುಡಿಯ 2 ಅಥವಾ 4 ಕಿಲೋದ ನಂದಕ ಸಾಕು, ಐಎಸ್ಐ ಗುರುತು ಇರಲಿ, ಮಾಪಕದ ಮುಳ್ಳು ಹಸಿರಿನಲ್ಲಿರಲಿ. ಅದನ್ನು ಒಲೆಯ ಪಕ್ಕದಲ್ಲಿ ತೂಗುಹಾಕಬೇಡಿ. ಉರಿಯುವ ಒಲೆಯನ್ನು ದಾಟಿ ಯಾರು ಕೈ ಹಾಕಬೇಕು? ಅಡುಗೆಮನೆಯಿಂದ ಹೊರಗೆ, ಮುಂಬಾಗಿಲ ದಾರಿಯಲ್ಲಿ ಇರಲಿ. ಪಿನ್ನು ಕಿತ್ತು, ಮೂತಿಯನ್ನು ಉರಿಯ ಬುಡಕ್ಕೆ ಹಿಡಿದು, ಹಿಡಿಯನ್ನು ಅದುಮಿ, ಆ ಕಡೆಯಿಂದ ಈ ಕಡೆಗೆ ಗುಡಿಸಿದಂತೆ ಆಡಿಸಬೇಕು. 2 ಕಿಲೋದ್ದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ ಎಂಬುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಒಂದು ಸಿಲಿಂಡರಿಗೆ ಬಗ್ಗದ ಬೆಂಕಿ ನಿಮ್ಮ ಕೆಲಸವಲ್ಲ. ಆ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿ, ಎಲ್ಲರನ್ನೂ ಮೆಟ್ಟಿಲಿನಿಂದ ಕೆಳಗಿಳಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಲಿಫ್ಟ್ ಬೇಡ. ಮುಂಬಾಗಿಲ ಕೈ ಯಾವ ಮೊಳೆಯಲ್ಲಿದೆ ಎಂಬುದು ಮಕ್ಕಳಿಗೂ ಗೊತ್ತಿರಲಿ. ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್ ಬಿಗಿದ ನಮ್ಮ ಮನೆಗಳಲ್ಲಿ ಇರುವ ದಾರಿ ಅದೊಂದೇ.

ಉತ್ತರ: ಫೇಸ್ ನ್ಯೂಟ್ರಲ್

ಹಿರಿಯರು ದೀಪದ ಬಗ್ಗೆ ಹೇಳಿದ್ದಾರೆ, ನಾನು ವೈರಿಂಗ್ ಕೆಲಸದವನಾದ್ದರಿಂದ ಕಾಣದ ಬೆಂಕಿಯ ಬಗ್ಗೆ ಹೇಳುತ್ತೇನೆ. ಎಂಸಿಬಿ ಇದೆ, ಆದ್ದರಿಂದ ಭಯವಿಲ್ಲ ಎಂಬ ಮಾತನ್ನು ನಾನು ಮನೆಮನೆಯಲ್ಲಿ ಕೇಳುತ್ತೇನೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ಮನೆಯ ಲೈಟುಗಳ ಸಾಲಿನ ಎಂಸಿಬಿ ಸಾಮಾನ್ಯವಾಗಿ 6 ಅಥವಾ 10 ಆಂಪಿಯರಿನದು. ಬೀದಿಬದಿಯಲ್ಲಿ ಕೊಂಡ ಸೀರಿಯಲ್ ಸೆಟ್ಟಿನ ತಂತಿಯೋ ಕೂದಲಿಗಿಂತ ಸ್ವಲ್ಪ ದಪ್ಪ, ಅದು ಅದರ ಕಾಲುಭಾಗವನ್ನೂ ತಾಳದು. ಆ ತಂತಿ ಕಾದು ಸಿಪ್ಪೆ ಕರಗುವ ಹೊತ್ತಿಗೂ ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಂದರ ಬಾಲಕ್ಕೆ ಇನ್ನೊಂದು ಎಂದು ನಾಲ್ಕೈದು ಸೆಟ್ಟುಗಳನ್ನು ಜೋಡಿಸಿದಾಗ, ಎಲ್ಲದರ ಭಾರವನ್ನೂ ಹೊರುವುದು ಪ್ಲಗ್ಗಿನ ಪಕ್ಕದ ಮೊದಲನೆಯ ಸೆಟ್ಟು. ಅದು ಪರದೆಯ ಹಿಂದೆಯೇ ಇರುತ್ತದೆ ಎಂಬುದು ಬೇರೆ ಮಾತು.

ಎರಡನೆಯದು ಸಡಿಲ ಸಂಪರ್ಕ. ಇದನ್ನು ಒಂದು ಲೆಕ್ಕದಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನಕ್ಕೆಂದು ನಾಲ್ಕು ಗಂಟೆಗೇ ಗೀಸರ್ ಹಾಕುತ್ತೀರಿ, ಮನೆಯಲ್ಲಿ ನೆಂಟರು ತುಂಬಿರುವುದರಿಂದ ಅದು ಮೂರು ಗಂಟೆ ಬಿಡುವಿಲ್ಲದೆ ದುಡಿಯುತ್ತದೆ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಒಳಗಿನ ಹಿತ್ತಾಳೆಯ ನಾಲಿಗೆ ಸಡಿಲವಾಗಿ ಅಲ್ಲಿ ಅರ್ಧ ಓಮ್ ಪ್ರತಿರೋಧ ಹುಟ್ಟಿತೆಂದುಕೊಳ್ಳಿ; ಆ ಒಂದು ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಶಾಖ ಏಳುತ್ತದೆ. ನಾನು ಸೀಸ ಕರಗಿಸಲು ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂದರೆ ಸೋಲ್ಡರಿಂಗ್ ಐರನ್ನಿಗಿಂತ ಬಿಸಿಯಾದದ್ದೊಂದು ನಿಮ್ಮ ಗೋಡೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಗಂಟೆ ಕೂತಿರುತ್ತದೆ. ಕರೆಂಟು ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿ ಬೀಳುವುದಿಲ್ಲ, ನೆಲಕ್ಕೆ ಸೋರಿಕೆಯಿಲ್ಲವಾದ್ದರಿಂದ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ. ಇದನ್ನು ಹಿಡಿಯುವುದು ನಿಮ್ಮ ಕಣ್ಣು, ಮೂಗು ಮತ್ತು ಕೈ ಮಾತ್ರ: ಪ್ಲಗ್ಗಿನ ಪಿನ್ನಿನ ಸುತ್ತ ಚಹದ ಬಣ್ಣದ ಕಲೆ, ಮೀನು ಹುರಿದಂಥ ವಾಸನೆ, ಪ್ಲಗ್ ಮುಟ್ಟಿದರೆ ಸುಡುವಷ್ಟು ಬಿಸಿ. ಈ ಮೂರರಲ್ಲಿ ಒಂದು ಕಂಡರೂ ಆ ಸಾಕೆಟ್ಟನ್ನು ಹಬ್ಬಕ್ಕೆ ಮೊದಲೇ ಬದಲಾಯಿಸಿಕೊಳ್ಳಿ.

ಎಕ್ಸ್‌ಟೆನ್ಷನ್ ಬೋರ್ಡಿಗೆ ದೀಪದ ಸರ ಮಾತ್ರ. ಅದೇ ಬೋರ್ಡಿಗೆ ಇಂಡಕ್ಷನ್ ಒಲೆಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಹಾಕಬೇಡಿ, ವೈರನ್ನು ಸುರುಳಿ ಸುತ್ತಿಟ್ಟು ಬಳಸಬೇಡಿ, ರತ್ನಗಂಬಳಿಯ ಕೆಳಗೆ ಹಾಯಿಸಬೇಡಿ. ಬಾಲ್ಕನಿಯ ಗ್ರಿಲ್ಲಿಗೆ ಸೆಟ್ಟನ್ನು ಮೊಳೆ ಹೊಡೆದು ಅಥವಾ ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ; ಹತ್ತಿಯ ದಾರ ಸಾಕು. ಬೆಂಗಳೂರಿನಲ್ಲಿ ದೀಪಾವಳಿಗೆ ಹಿಂಗಾರು ಮಳೆ ತಪ್ಪುವುದಿಲ್ಲ, ಟೇಪು ಸುತ್ತಿದ ಜಾಯಿಂಟು ನೆನೆದರೆ ಕಬ್ಬಿಣದ ಗ್ರಿಲ್ಲೇ ಕರೆಂಟು ಹೊಡೆಯುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯವರು ಹೊರಗೆ ಸೀರಿಯಲ್ ಸೆಟ್ ಹಾಕದಿರುವುದೇ ಒಳ್ಳೆಯದು.

ಆಕಾಶಬುಟ್ಟಿಯ ವಿಷಯದಲ್ಲಿ ಮಾತ್ರ ಕಾಲ ಒಳ್ಳೆಯದಾಗಿದೆ. ಮೊದಲು ಬಣ್ಣದ ಕಾಗದದೊಳಗೆ 60 ವ್ಯಾಟಿನ ಬಲ್ಬು ಬಿಟ್ಟು ಕಾಗದ ಹಳದಿಗಟ್ಟುವುದನ್ನು ನೋಡುತ್ತಿದ್ದೆವು. ಈಗಿನ 5 ವ್ಯಾಟಿನ ಎಲ್‌ಇಡಿಯಿಂದ ಆ ಭಯವಿಲ್ಲ.

ಉತ್ತರ: ಕಜ್ಜಾಯದ ಬಾಣಲೆ

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಯಾರೂ ಅಡುಗೆಮನೆಯ ಮಾತೆತ್ತಿಲ್ಲ ಎಂಬುದು ನನಗೆ ಆಶ್ಚರ್ಯ. ಹಬ್ಬದ ವಾರದಲ್ಲಿ ಬೆಂಕಿ ಅತಿ ಹೆಚ್ಚು ಹೊತ್ತು ಉರಿಯುವುದು ಅಲ್ಲಿಯೇ ಅಲ್ಲವೇ?

ಐದಾರು ವರ್ಷಗಳ ಹಿಂದೆ, ಹಬ್ಬದ ಹಿಂದಿನ ದಿನ, ಕಜ್ಜಾಯ ಕರಿಯುತ್ತಿದ್ದೆ. ಬಾಗಿಲಿಗೆ ಯಾರೋ ಬಂದರು, ಒಲೆ ಸಣ್ಣ ಮಾಡಿದೆನೆಂದುಕೊಂಡು ಹೋದೆ, ಗುಬ್ಬಿಯನ್ನು ತಿರುಗಿಸಿದ್ದು ಇನ್ನೊಂದು ಒಲೆಯದು. ಮರಳಿ ಬರುವಷ್ಟರಲ್ಲಿ ಬಾಣಲೆಯಿಂದ ಬೂದುಬಣ್ಣದ ದಟ್ಟ ಹೊಗೆ ಏಳುತ್ತಿತ್ತು, ನೋಡುನೋಡುತ್ತಿರುವಾಗಲೇ ಎಣ್ಣೆಯ ಮೇಲ್ಮೈಗೆಲ್ಲ ಒಮ್ಮೆಲೇ ಉರಿ ಹತ್ತಿತು. ನನ್ನ ಮಗ ಓಡಿಬಂದು ಚೊಂಬು ನೀರು ಎತ್ತಿದ. ನಮ್ಮ ಅತ್ತಿಗೆ ಅವನ ಕೈ ಹಿಡಿದು ತಳ್ಳಿ, ರೊಟ್ಟಿ ಹಂಚನ್ನು ಅಡ್ಡ ಹಿಡಿದು ಬಾಣಲೆಯ ಮೇಲೆ ಪಕ್ಕದಿಂದ ಜಾರಿಸಿ ಮುಚ್ಚಿ, ಒಲೆ ಆರಿಸಿದರು. ಹಂಚಿನ ಅಂಚಿನಿಂದ ಎರಡು ಸಲ ಉರಿ ನಾಲಿಗೆ ಚಾಚಿ ಅಡಗಿತು. ಅರ್ಧ ಗಂಟೆ ಅದನ್ನು ಯಾರೂ ಮುಟ್ಟಲಿಲ್ಲ, ಮುಟ್ಟಬಾರದು ಕೂಡ. ಬಿಸಿ ಇಳಿಯುವ ಮೊದಲು ಮುಚ್ಚಳ ತೆಗೆದರೆ ಗಾಳಿ ಸಿಕ್ಕು ಮತ್ತೆ ಹತ್ತಿಕೊಳ್ಳುತ್ತದೆ.

ನೀರು ಏಕೆ ಬೇಡವೆಂದು ಆಮೇಲೆ ತಿಳಿದುಕೊಂಡೆ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗುತ್ತದೆ; ಅಲ್ಲಿ ಮುನ್ನೂರು ಡಿಗ್ರಿಗೂ ಮೀರಿದ ಬಿಸಿಗೆ ಕ್ಷಣದಲ್ಲಿ ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಅಂದಿನಿಂದ ಕರಿಯಲು ಕೂತರೆ ಬಾಣಲೆಗೆ ಸರಿಹೊಂದುವ ಮುಚ್ಚಳವೊಂದನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡೇ ಶುರುಮಾಡುತ್ತೇನೆ. ಪುಡಿಯ ನಂದಕವನ್ನು ಹತ್ತಿರದಿಂದ ಬಾಣಲೆಗೆ ಹೊಡೆದರೆ ಅದರ ರಭಸಕ್ಕೇ ಎಣ್ಣೆ ಚಿಮ್ಮುತ್ತದಂತೆ, ಹಿರಿಯರು ಸರಿಯೋ ತಪ್ಪೋ ಹೇಳಬೇಕು.

ಇನ್ನೊಂದು ಮಾತು. ಕರಿಯುವ ದಿನವೇ ಗ್ಯಾಸ್ ಮುಗಿಯುವುದು, ಇದು ಎಲ್ಲ ಹೆಂಗಸರಿಗೂ ಗೊತ್ತಿರುವ ಸತ್ಯ. ಗಡಿಬಿಡಿಯಲ್ಲಿ ಸಿಲಿಂಡರ್ ಬದಲಾಯಿಸುವಾಗ ಒಂದಿಷ್ಟು ಅನಿಲ ಹೊರಬರುತ್ತದೆ, ಒಳಗಿನ ರಬ್ಬರ್ ವಾಷರ್ ಹೋಗಿದ್ದರೆ ಬರುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಮೇಲೇಳದೆ ನೆಲದ ಮೇಲೆ ಹರಿದುಹೋಗುತ್ತದೆ. ಬೇರೆ ದಿನ ನೆಲದ ಮೇಲೆ ಬೆಂಕಿ ಇರುವುದಿಲ್ಲ, ದೀಪಾವಳಿಯ ದಿನ ಹೊಸ್ತಿಲಿಗೆಲ್ಲ ಹಣತೆ! ಆದ್ದರಿಂದ ಹಣತೆ ಹಚ್ಚುವ ಮೊದಲೇ ಸಿಲಿಂಡರನ್ನು ಅಲುಗಿಸಿ ನೋಡಿ, ಹಗುರಾಗಿದ್ದರೆ ಬೆಳಗಿನಲ್ಲಿಯೇ ಬದಲಾಯಿಸಿ, ವಾಲ್ವಿನ ಸುತ್ತ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ. ವಾಸನೆ ಬಂದರೆ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು; ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಉತ್ತರ: ಹಳೆಯ ಅಗ್ನಿಶಾಮಕ

ನಂದಕದ ಬಗ್ಗೆ ನೀವು ಕೇಳಿದ್ದು ಸರಿಯೇ. ಬಾಣಲೆಗೆ ಮುಚ್ಚಳವೇ ಮೊದಲ ಮದ್ದು. ನಂದಕ ಬಳಸಲೇಬೇಕಾದರೆ ಆರೇಳು ಅಡಿ ಹಿಂದೆ ನಿಂತು ಬಳಸಬೇಕು. ನಿಮ್ಮ ಅತ್ತಿಗೆಯವರು ಹಂಚನ್ನು ಪಕ್ಕದಿಂದ ಜಾರಿಸಿದರಲ್ಲ, ಅದನ್ನು ನಾವು ತರಬೇತಿಯಲ್ಲಿ ಹೇಳಿಕೊಡುತ್ತೇವೆ; ಮೇಲಿನಿಂದ ಇಟ್ಟರೆ ಉರಿ ಮುಂಗೈಗೆ ಬಡಿಯುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು, ಬಳೆ ಉಂಗುರ ಕೂಡಲೇ ತೆಗೆಯುವುದು, ಆಮೇಲೆ ಆಸ್ಪತ್ರೆ. ಟೂತ್‌ಪೇಸ್ಟು, ಶಾಯಿ, ತುಪ್ಪ ಯಾವುದೂ ಬೇಡ.

ಉತ್ತರ: ಸೋಗೆಯ ಮಾಡು

ಪ್ರಶ್ನೆ ಕೇಳಿದವರ ಅತ್ತೆಯವರು ತೀರ್ಥಹಳ್ಳಿಯ ಕಡೆಯವರೆಂದು ಓದಿ ಬರೆಯಬೇಕೆನ್ನಿಸಿತು, ನಾನೂ ಆ ಸೀಮೆಯವನೇ. ನಮ್ಮ ಹಳೆಯ ಮನೆಗೆ ಅಡಿಕೆ ಸೋಗೆಯ ಮಾಡು ಇತ್ತು, ಪಕ್ಕದಲ್ಲಿಯೇ ಹುಲ್ಲಿನ ಬಣವೆ. ಅಂಥ ಮನೆಯಲ್ಲಿ ಹಬ್ಬದ ದೀಪ ಹಚ್ಚಿ ಹಾಯಾಗಿ ನಿದ್ದೆ ಹೊಡೆದಿದ್ದರೆ ಮೂರು ತಲೆಮಾರು ಆ ಮನೆ ಉಳಿಯುತ್ತಿರಲಿಲ್ಲ.

ದೀಪ ರಾತ್ರಿಯೆಲ್ಲ ಉರಿಯುತ್ತಿತ್ತು ನಿಜ. ಆದರೆ ಹಬ್ಬದ ಆ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಊರೂರು, ಮನೆಮನೆ ತಿರುಗುತ್ತಿದ್ದರು. ಅವರು ಯಾವ ಹೊತ್ತಿಗೆ ನಮ್ಮ ಅಂಗಳಕ್ಕೆ ಬರುತ್ತಾರೆಂದು ಹೇಳುವಂತಿರಲಿಲ್ಲ, ರಾತ್ರಿ ಒಂದಾದರೂ ಆಯಿತು, ಮೂರಾದರೂ ಆಯಿತು. ಅವರು ತಂದ ಜ್ಯೋತಿಗೆ ಎಣ್ಣೆ ಎರೆದು, ಅದರಿಂದ ಮನೆಯ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ ಕಾಯಿ ಕೊಟ್ಟು ಕಳಿಸಲು ಮನೆಯಲ್ಲಿ ಯಾರಾದರೂ ಎದ್ದಿರಲೇಬೇಕಿತ್ತು. ದೀಪ ರಾತ್ರಿಯಿಡೀ ಇರುತ್ತಿದ್ದುದು ಎಚ್ಚರವಿರುವವರ ಮನೆಯಲ್ಲಿ. ಅಪಾರ್ಟ್‌ಮೆಂಟಿಗೆ ಬರುವಾಗ ನಾವು ದೀಪವನ್ನು ತಂದೆವು, ಎಚ್ಚರವನ್ನು ಅಲ್ಲಿಯೇ ಬಿಟ್ಟು ಬಂದೆವು. ಬೇರೆ ದಿನಗಳಲ್ಲಿ ನಮ್ಮಜ್ಜಿ ಮಲಗುವ ಮುಂಚೆ ದೀಪ ಶಾಂತ ಮಾಡದೆ ಚಾಪೆ ಹಾಸುತ್ತಿರಲಿಲ್ಲ. ಆರಿಸು ಎಂದರೆ ಬೈಯುತ್ತಿದ್ದರು, 'ದೀಪ ದೊಡ್ಡದು ಮಾಡು' ಎನ್ನಬೇಕಿತ್ತು.

ಅವರ ಇನ್ನೊಂದು ಶತ್ರು ಇಲಿ. ಎಣ್ಣೆ ಕುಡಿದ ಬತ್ತಿಯ ವಾಸನೆಗೆ ಇಲಿ ಬರುತ್ತದೆ, ಉರಿಯುವ ಬತ್ತಿಯನ್ನೇ ಕಚ್ಚಿ ಎಳೆದುಕೊಂಡು ಸೋಗೆಗೋ ಬಟ್ಟೆಯ ಗಂಟಿಗೋ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು. ಅದಕ್ಕೇ ದೀಪದ ಸುತ್ತ ನೀರು. ಹಿರಿಯರು ಹೇಳಿದ ಹರಿವಾಣದ ಉಪಾಯ ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಹೊಸ ಹಣತೆಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಒಣ ಮಣ್ಣು ಎಣ್ಣೆ ಹೀರಿ ತಳದಲ್ಲೆಲ್ಲ ಜಿನುಗಿಸುತ್ತದೆ, ನೀರು ಕುಡಿದ ಮಣ್ಣು ಹೀರುವುದಿಲ್ಲ. ಮರದ ಕಟ್ಟೆಯ ಮೇಲೋ ಬಟ್ಟೆಯ ಮೇಲೋ ಹಣತೆ ಇಡುವವರಿಗೆ ಇದು ಸಣ್ಣ ಮಾತಲ್ಲ.

ಉತ್ತರ: ನ್ಯೂಜೆರ್ಸಿಯ ಕನ್ನಡಿಗ

ಇಲ್ಲಿನ ಮನೆಗಳ ಚೌಕಟ್ಟು ಮರದ್ದು, ಗೋಡೆಯೊಳಗೂ ಮರ. ಬೆಂಕಿ ಬಿದ್ದರೆ ನಿಮ್ಮ ಇಟ್ಟಿಗೆ ಸಿಮೆಂಟಿನ ಮನೆಗಿಂತ ಬೇಗ ಹರಡುತ್ತದೆ. ಆದ್ದರಿಂದ ಕೋಣೆಗೊಂದು ಹೊಗೆ ಸೂಚಕ ಇರುತ್ತದೆ. ನಮ್ಮವರು ಮಾಡುವ ತಪ್ಪು ಒಂದೇ: ಚಕ್ಕುಲಿ ಕರಿಯುವಾಗಲೂ ಮಂಗಳಾರತಿಗೆ ಕರ್ಪೂರ ಹಚ್ಚಿದಾಗಲೂ ಅದು ಕಿರುಚುತ್ತದೆಂದು ಬ್ಯಾಟರಿ ತೆಗೆದು ಡ್ರಾಯರಿನಲ್ಲಿ ಹಾಕುತ್ತಾರೆ, ಹಬ್ಬ ಮುಗಿದರೂ ಅದು ಅಲ್ಲಿಯೇ ಇರುತ್ತದೆ. ನಾನೂ ಒಂದು ಸಲ ಫೆಬ್ರುವರಿಯವರೆಗೆ ಹಾಗೆಯೇ ಬಿಟ್ಟಿದ್ದೆ. ಬೆಂಗಳೂರಿನಲ್ಲಿಯೂ ಬ್ಯಾಟರಿಯ ಸೂಚಕ ಸಿಗುತ್ತದೆ. ಪ್ರಶ್ನೆ ಕೇಳಿದವರು ನಂದಕಕ್ಕಿಂತ ಮೊದಲು ಅದನ್ನು ಹಾಲಿನ ಸೂರಿಗೆ ಹಾಕಿಸಿಕೊಳ್ಳಲಿ. ನಂದಕ ಕೆಲಸ ಮಾಡುವುದು ನೀವು ಎದ್ದ ಮೇಲೆ.

ಪ್ರತಿಕ್ರಿಯೆ: ಮೂರನೆಯ ಮಹಡಿ

ಎಲ್ಲರಿಗೂ ಕೃತಜ್ಞತೆಗಳು. ಸೋಗೆಯ ಮಾಡಿನವರು ಬರೆದದ್ದನ್ನು ಫೋನಿನಲ್ಲಿ ಅತ್ತೆಯವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತವರಿನಲ್ಲಿ ಅಂಟಿಗೆ ಪಂಟಿಗೆಯವರಿಗಾಗಿ ಕಾಯುತ್ತ ಹೆಂಗಸರೆಲ್ಲ ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದುದನ್ನು ನೆನೆಸಿಕೊಂಡರು. ಆಮೇಲೆ ತಾವೇ, 'ಹಾಗಾದರೆ ನಾನು ಎದ್ದಿರುವಷ್ಟು ಹೊತ್ತು ಉರಿಯಲಿ, ಮಲಗುವಾಗ ದೊಡ್ಡದು ಮಾಡೋಣ' ಎಂದರು. ಅವರು ಹನ್ನೊಂದರವರೆಗೆ ಎದ್ದಿರುತ್ತಾರೆ. ನಿನ್ನೆ ಸಂಜೆ ಗಡಿಯಾರ ಇಟ್ಟುಕೊಂಡು ನೋಡಿದೆ: ಒಂದು ಸಣ್ಣ ಸೌಟು ಎಣ್ಣೆಗೆ ಒಂಟಿ ಬತ್ತಿ ಮೂರು ಗಂಟೆ ಹತ್ತು ನಿಮಿಷ ಉರಿಯಿತು. ಎಂಟಕ್ಕೆ ಪೂಜೆ ಎಂದಿಟ್ಟುಕೊಂಡು ಅಷ್ಟೇ ಎಣ್ಣೆ ಹಾಕುತ್ತೇನೆ. ಪ್ಲಾಸ್ಟಿಕ್ ಹಾರಗಳನ್ನು ತೆಗೆದಾಯಿತು.

ಗೀಸರಿನ ಪ್ಲಗ್ಗನ್ನು ಕಿತ್ತು ನೋಡಿದೆ. ಎಡಗಡೆಯ ಪಿನ್ನಿನ ಬುಡದಲ್ಲಿ ಚಹದ ಬಣ್ಣದ ಉಂಗುರವೊಂದಿದೆ, ಸಾಕೆಟ್ಟಿನ ಆ ಕಿಂಡಿ ಸ್ವಲ್ಪ ಸೊಟ್ಟಗಾಗಿದೆ. ಹಬ್ಬದವರೆಗೆ ದಿನಕ್ಕೆ ಹತ್ತು ನಿಮಿಷ ಬಳಸಿದರೆ ನಡೆದೀತೇ?

ಉತ್ತರ: ಫೇಸ್ ನ್ಯೂಟ್ರಲ್

ನಡೆಯುವುದಿಲ್ಲ. ಆ ಸಾಲಿನ ಎಂಸಿಬಿಯನ್ನು ಈಗಲೇ ಇಳಿಸಿ. ಸಾಕೆಟ್ಟನ್ನಷ್ಟೇ ಬದಲಾಯಿಸಿ ಹಳೆಯ ಪ್ಲಗ್ಗನ್ನೇ ಚುಚ್ಚಿದರೆ ಹೊಸದೂ ತಿಂಗಳೊಪ್ಪತ್ತಿನಲ್ಲಿ ಹಾಗೆಯೇ ಆಗುತ್ತದೆ. 16 ಆಂಪಿಯರಿನ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಹಾಕಿಸಿ, ಕರಿದಾದ ತಂತಿಯ ತುದಿಯನ್ನು ಒಂದಂಗುಲ ಕತ್ತರಿಸಿ ಹೊಸದಾಗಿ ಸುಲಿಸಿ. ಅದಾಗುವವರೆಗೆ ಸ್ನಾನದ ನೀರನ್ನು ಗ್ಯಾಸಿನ ಮೇಲೆ ಕಾಯಿಸಿಕೊಳ್ಳಿ.